ನಜಮಾ ಮೇಡಮ್ಮರ ಎರಡನೆಯ ಅವಧಿ

ಮುದ್ದೇಬಿಹಾಳದ ಬಜಾರಿನಲ್ಲಿ ಬಳೆ ಅಂಗಡಿ ಇಟ್ಟಿರುವ ಕಾಸಿಂಸಾಬ ಮಣಿಯಾರರು 2019ರ ಒಂದು ಮಧ್ಯಾಹ್ನ ಗಿರಾಕಿಗಳನ್ನು ಹಾಗೇ ಬಿಟ್ಟು, ಪೇಡೆಯ ಡಬ್ಬಿ ಹಿಡಿದು ರಸ್ತೆಗೆ ಇಳಿದುಬಿಟ್ಟರು. ಮೊದಲು ಎದುರಿನ ಕಿರಾಣಿ ಅಂಗಡಿ, ಆಮೇಲೆ ಚಹಾದವನು, ಆಮೇಲೆ ಬಸ್ ಸ್ಟ್ಯಾಂಡಿನ ಆಟೋದವರು. "ನನ್ನ ಮಗಳು ಜಜ್ಜ ಆಗ್ಯಾಳ್ರಿ, ಬಾಯಿ ಸಿಹಿ ಮಾಡ್ಕೋರಿ" ಎಂದು ಕಂಡಕಂಡವರಿಗೆಲ್ಲ ಹಂಚಿದರು. ಸಂಜೆಯೊಳಗೆ ಸಿಂದಗಿಯಲ್ಲಿದ್ದ ಮಗಳಿಗೆ ಮುದ್ದೇಬಿಹಾಳದಿಂದ ಎಂಟು ಫೋನು ಬಂದವು. ಒಬ್ಬರಂತೂ ತಮ್ಮ ಹೊಲದ ಬದುವಿನ ತಕರಾರು ಯಾವಾಗ ತರಲಿ ಎಂದು ಕೇಳಿದರು.

ನಜಮಾ ಕೂಡಲೇ ತಂದೆಗೆ ಫೋನು ಹಚ್ಚಿದರು.

"ಅಬ್ಬಾ, ನಾ ಜಜ್ಜ ಆಗಿಲ್ಲ. ಬಾಲ ನ್ಯಾಯ ಮಂಡಳಿಗೆ ಸದಸ್ಯೆ ಆಗೇನಿ."

"ಅಲ್ಲಿ ನೀ ಏನ ಮಾಡಾಕಿ?"

"ಹದಿನೆಂಟ ವರ್ಷದೊಳಗಿನ ಹುಡುಗ್ರು ತಪ್ಪ ಮಾಡಿದ್ರ, ಮುಂದೇನಂತ ಮೂರ ಮಂದಿ ಕೂತು ತೀರ್ಮಾನ ಮಾಡ್ತೇವಿ. ಒಬ್ರು ಮ್ಯಾಜಿಸ್ಟ್ರೇಟು, ಇಬ್ರು ನಮ್ಮಂಥವರು."

"ತೀರ್ಮಾನ ಮಾಡ್ತಿ ಅಂದ ಮ್ಯಾಲ ಜಜ್ಜ ಅಲ್ಲೇನ ಮತ್ತ?" ಎಂದು ಕಾಸಿಂಸಾಬರು ಫೋನು ಇಟ್ಟರು. ಉಳಿದ ಪೇಡೆಯನ್ನೂ ಹಂಚಿದರು.

ನಾನು ನಜಮಾ ಅವರ ಜೊತೆ ಸಿಂದಗಿಯ ಋತುಮಾನ ವಸತಿ ಶಾಲೆಯಲ್ಲಿ ಏಳು ವರ್ಷ ಕಲಿಸಿದವಳು. ತಂದೆತಾಯಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದಾಗ ಊರಲ್ಲೇ ಉಳಿಯುವ ಮಕ್ಕಳಿಗಾಗಿ ನಡೆಯುವ ಶಾಲೆ ಅದು. ಮಕ್ಕಳಿಗೆ ಊಟ, ಪಾಠ, ಹಾಸಿಗೆ ಎಲ್ಲ ಅಲ್ಲೇ. ನಜಮಾ ಹಗಲು ಪಾಠ ಮಾಡಿ, ರಜೆಯ ದಿನಗಳಲ್ಲಿ ಕಾನೂನು ಓದಿ ಪದವಿ ಪಡೆದರು. ಗಂಡ ಸಲ್ಮಾನ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. "ನೀ ವಕೀಲಕಿ ಆಗಿ ಕೋಟ ಹಾಕ್ಕೋ, ನಾ ಕಂಬ ಹತ್ತತೇನಿ" ಎಂದು ಅವರು ಹೆಂಡತಿಯನ್ನು ಛೇಡಿಸುತ್ತಿದ್ದರು. ನಜಮಾ ಕೋಟು ಹಾಕಲಿಲ್ಲ. ಪತ್ರಿಕೆಯಲ್ಲಿ ಮಂಡಳಿಯ ಸದಸ್ಯತ್ವಕ್ಕೆ ಅರ್ಜಿ ಕರೆದಿದ್ದನ್ನು ನೋಡಿ, ಯಾರಿಗೂ ಹೇಳದೆ ಅರ್ಜಿ ಹಾಕಿ, ಸಂದರ್ಶನ ಕೊಟ್ಟು, ಆಯ್ಕೆಯಾಗಿ ಬಂದರು. ಅವರಿಗಾಗ ಮೂವತ್ತೇಳು.

ಮಂಡಳಿ ಕೂರುವುದು ವಿಜಯಪುರದಲ್ಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲ ಕಡೆಯ ಮಕ್ಕಳೂ ಅಲ್ಲಿಗೇ ಬರಬೇಕು. ಅದು ಕೋರ್ಟಿನಂತೆ ಕಾಣುವುದಿಲ್ಲ. ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ. ಪೊಲೀಸರು ಖಾಕಿ ಹಾಕಿ ಒಳಗೆ ಬರುವಂತಿಲ್ಲ. ಒಂದು ಉದ್ದ ಮೇಜು, ಅದರ ಆಚೆ ಮೂವರು, ಈಚೆ ಮಗು ಮತ್ತು ಮನೆಯವರು. ನಜಮಾ ವಾರಕ್ಕೆ ಮೂರು ದಿನ ಬೆಳಿಗ್ಗೆಯ ಬಸ್ಸು ಹಿಡಿದು ಹೋಗುತ್ತಿದ್ದರು. ಸಂಜೆ ವಾಪಸ್ಸು ಬಂದಾಗ ಅವರ ಮುಖ ನೋಡಬೇಕಿತ್ತು. ಪರೀಕ್ಷೆ ಬರೆದು ಬಂದ ಹುಡುಗಿಯಂತೆ ಉಸಿರು ಬಿಡದೆ ಮಾತಾಡುತ್ತಿದ್ದರು. ಆದರೆ ಒಂದು ಮಗುವಿನ ಹೆಸರನ್ನೂ ಬಾಯಿಬಿಡುತ್ತಿರಲಿಲ್ಲ.

"ಹೆಸರ ಹೇಳೂದು ಕಾನೂನಿಗೆ ವಿರುದ್ಧ ಐತಿ" ಎನ್ನುತ್ತಿದ್ದರು. "ಮಗು ದೊಡ್ಡದಾದ ಮ್ಯಾಲ ಯಾರೂ ಬೆರಳು ಮಾಡಿ ತೋರಿಸಬಾರದು."

ಆದ್ದರಿಂದ ಈಗ ನಾನು ಹೇಳಹೊರಟಿರುವ ಹುಡುಗಿಯ ಹೆಸರು ಬುಶ್ರಾ ಅಲ್ಲ. ಅವಳ ಊರು, ಅವಳ ಆಟ, ಅವಳನ್ನು ಸಾಕಿದವರ ಕೆಲಸ, ಇವುಗಳಲ್ಲೂ ಒಂದನ್ನು ಬದಲಿಸಿದ್ದೇನೆ. ಯಾವುದನ್ನು ಎಂದು ಹೇಳುವುದಿಲ್ಲ. ಈ ಕತೆಯಲ್ಲಿ ನನಗೆ ಗೊತ್ತಾದದ್ದೆಲ್ಲ ಬೇರೆ ಬೇರೆಯವರ ಬಾಯಿಂದ. ನಜಮಾ ಅವರಿಂದ ಅಲ್ಲ.

ಮೊದಲ ಅವಧಿಯ ಮೊದಲ ವರ್ಷ, ನವೆಂಬರಿನ ಒಂದು ಬೆಳಿಗ್ಗೆ. ಅಭ್ಯಾಸಕ್ಕೆಂದು ಹೊರಟ ಎಂಟು ಜನ ಸೈಕಲ್ ಸ್ಪರ್ಧಿಗಳು ಸಿಂದಗಿಯ ಒಂದು ಹೋಟೆಲಿನ ಮುಂದೆ ಚಹಾಕ್ಕೆ ನಿಂತಿದ್ದರು. ನಮ್ಮ ಜಿಲ್ಲೆಯಲ್ಲಿ ಸೈಕಲ್ ರೇಸ್ ಅಂದರೆ ಒಂದು ಹುಚ್ಚು. ನಸುಕಿನಲ್ಲಿ ಯಾವ ರಸ್ತೆಗೆ ಹೋದರೂ ಬಾಗಿದ ಬೆನ್ನಿನ ಹುಡುಗ ಹುಡುಗಿಯರು ಸರ್ರನೆ ಹಾದುಹೋಗುತ್ತಾರೆ. ಅವತ್ತು ಗೋಡೆಗೆ ಒರಗಿಸಿದ್ದ ಎಂಟು ಸೈಕಲ್ಲುಗಳಲ್ಲಿ ಒಂದು ಇಂಡಿಯ ರಂಜನಾಳದು. ಅವಳಿಗೆ ಹತ್ತೊಂಬತ್ತು ವರ್ಷ. ಹತ್ತು ದಿನಕ್ಕೆ ರಾಜ್ಯ ತಂಡದ ಆಯ್ಕೆ ಇತ್ತು.

ಚಹಾದ ಲೋಟ ಕೆಳಗಿಡುವಷ್ಟರಲ್ಲಿ ಆ ಸೈಕಲ್ಲು ರಸ್ತೆಯ ಮೇಲಿತ್ತು. ಚೂಡಿದಾರದ ಹುಡುಗಿಯೊಬ್ಬಳು, ಹದಿನಾರು ವರ್ಷದವಳು, ಕಾಲಲ್ಲಿ ರಬ್ಬರಿನ ಚಪ್ಪಲಿ, ತನ್ನೂರಿರುವ ಮೋರಟಗಿಯ ದಿಕ್ಕಿಗೆ ಹೊಡೆದುಕೊಂಡು ಹೊರಟಿದ್ದಳು. ತರಬೇತುದಾರ ಫಯಾಜ ಕೂಗಿದರು. ತಂಡದ ಇಬ್ಬರು ಹುಡುಗರು ತಮ್ಮ ಸೈಕಲ್ ಹತ್ತಿ ಬೆನ್ನು ಹತ್ತಿದರು. ಇಬ್ಬರೂ ಪದಕ ಗೆದ್ದವರು. ಫಯಾಜ ಆಮೇಲೆ ಪೊಲೀಸರ ಮುಂದೆ ಕೊಟ್ಟ ಹೇಳಿಕೆಯಲ್ಲಿ ಒಂದು ಸಾಲು ಹೀಗಿತ್ತು: "ಇಪ್ಪತ್ತು ಕಿಲೋಮೀಟರಿನಲ್ಲಿ ನಮ್ಮ ಹುಡುಗರಿಗೂ ಅವಳಿಗೂ ನಡುವಿನ ಅಂತರ ಕಡಿಮೆಯಾಗಲಿಲ್ಲ."

ಮೋರಟಗಿಯ ಹತ್ತಿರ ಶೇಂಗಾ ಹೊಟ್ಟು ತುಂಬಿದ ಟ್ರ್ಯಾಕ್ಟರ್ ಟ್ರಾಲಿಯೊಂದು ಹೊಲದಿಂದ ರಸ್ತೆಗೆ ಹಿಂದೆ ಸರಿಯಿತು. ಹುಡುಗಿ ಅದಕ್ಕೆ ಹೋಗಿ ಬಡಿದಳು. ಭುಜದ ಎಲುಬು ಮುರಿಯಿತು. ಸೈಕಲ್ಲಿನ ಚೌಕಟ್ಟು ಎರಡು ತುಂಡಾಯಿತು.

ರಂಜನಾ ಬೇರೆಯವರ ಸೈಕಲ್ಲು ತೆಗೆದುಕೊಂಡು ಆಯ್ಕೆಗೆ ಹೋದಳು. ಅಳತೆ ಕೂಡಲಿಲ್ಲ. ಆಯ್ಕೆಯಾಗಲಿಲ್ಲ.

ಮಂಡಳಿಯ ಮುಂದೆ ಪ್ರಕರಣ ಬಂದಾಗ ಬುಶ್ರಾಳ ಕೈ ಇನ್ನೂ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿತ್ತು. ಪಕ್ಕದಲ್ಲಿ ಅಜ್ಜಿ ಜೈತುನಬಿ. ಹಿಂದಿನ ವರ್ಷವೂ ಹುಡುಗಿ ಶಾಲೆಯ ಸ್ಟ್ಯಾಂಡಿನಿಂದ ಯಾರದೋ ಸೈಕಲ್ಲು ಒಯ್ದು ಮೂರನೇ ದಿನ ತಂದಿಟ್ಟಿದ್ದಳು. ಆಗ ಬುದ್ಧಿ ಹೇಳಿ ಬಿಟ್ಟಿದ್ದರು. ಇದು ಎರಡನೇ ಸಲ.

"ಯಾಕ ಒಯ್ದಿ?" ಎಂದು ನಜಮಾ ಕೇಳಿದರು.

"ಎಷ್ಟ ಜೋರ ಹೋಗ್ತೈತಿ ನೋಡಬೇಕಿತ್ರಿ."

"ಎಷ್ಟ ಜೋರ ಹೋತು?"

ಬಾಯಿತಪ್ಪಿ ಬಂದ ಪ್ರಶ್ನೆ ಅದು. ತಲೆ ತಗ್ಗಿಸಿ ನಿಂತಿದ್ದ ಹುಡುಗಿ ಥಟ್ಟನೆ ಮುಖ ಎತ್ತಿದಳು. "ಗಾಳಿ ಕಿವಿಯೊಳಗ ಹೊಕ್ಕು ಏನೂ ಕೇಳಸಲಿಲ್ರಿ ಮೇಡಂ! ಗಿಡಗೋಳು ಹಿಂದ ಹಿಂದ ಬೀಳಾಕತ್ತಿದ್ವು!" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು. ಮ್ಯಾಜಿಸ್ಟ್ರೇಟರು ಕೆಮ್ಮಿದರು. ಹುಡುಗಿ ಮತ್ತೆ ತಲೆ ತಗ್ಗಿಸಿದಳು.

ರಂಜನಾಳೂ ಬಂದಿದ್ದಳು. ನಿನಗೇನು ಅನಿಸುತ್ತದೆ ಎಂದು ಅವಳನ್ನು ಕೇಳಿದರು. ಅವಳು ಮೂವರನ್ನೂ ಒಬ್ಬೊಬ್ಬರಾಗಿ ನೋಡಿ, "ನನ್ನ ಟ್ರಯಲ್ ಹೊಳ್ಳಿ ಕೊಡ್ತೀರೇನ್ರಿ?" ಎಂದಳು.

ವಿಚಾರಣೆ ಮುಗಿದು 2020ರ ಫೆಬ್ರವರಿಯಲ್ಲಿ ಆದೇಶದ ದಿನ ಬಂತು. ಮ್ಯಾಜಿಸ್ಟ್ರೇಟರು ಮೈಸೂರು ಕಡೆಯ ತರುಣ. ಕಠಿಣ ಮನಸ್ಸಿನವರೇನಲ್ಲ, ಎಲ್ಲವನ್ನೂ ಸರಿಯಾಗಿ ಮಾಡಬೇಕೆನ್ನುವವರು.

"ನೋಡಿ, ಕನಿಕರ ನನಗೂ ಇದೆ" ಎಂದರು. "ಆದರೆ ಅಪ್ಪ ಇಲ್ಲ. ತಾಯಿ ಕಬ್ಬಿನ ಗ್ಯಾಂಗಿನಲ್ಲಿದ್ದಾರೆ, ಯುಗಾದಿಯ ಹೊತ್ತಿಗೇ ಬರುವುದು. ಹುಡುಗಿಯ ಮೇಲೆ ಕಣ್ಣಿಡುವವರು ಯಾರು? ಇನ್ನೊಂದು ಸಲ ಹೀಗೇ ಹೊರಟು ಲಾರಿಯ ಕೆಳಗೆ ಹೋದರೆ? ಒಂದು ವರ್ಷ ಸರ್ಕಾರದ ವಿಶೇಷ ಗೃಹದಲ್ಲಿರಲಿ. ಅಲ್ಲೇ ಓದಲಿ."

ಜೈತುನಬಿ ಕೈಮುಗಿದು ಎದ್ದು ನಿಂತಳು. "ಸಾಹೇಬ್ರ, ಒಂದ ಮಾತ ಹೇಳಲೇನ್ರಿ? ನಾ ಸಿಂದಗ್ಯಾಗ ಖಾನಾವಳಿಗೆ ದಿನಾ ಎರಡನೂರು ರೊಟ್ಟಿ ಬಡೀತೇನ್ರಿ. ಇಷ್ಟ ದಿನ ಈಕಿನ್ನ ಊರಾಗ ಬಿಟ್ಟ ಬರತಿದ್ದೆ, ಅದು ನನ್ನ ತಪ್ಪು. ಇನ್ನ ಸಾಲಿ ಬಿಟ್ಟಕೂಡ್ಲೆ ನನ್ನ ಮಗ್ಗಲಾಗ ಕೂಡಸ್ಕೋತೇನಿ."

"ನೀವು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತೀರಿ ಅಜ್ಜಿ?"

"ಹಿಡಿಯೂದಲ್ರಿ. ಕೆಲಸ ಕೊಡ್ತೇನಿ."

ಎಲ್ಲರನ್ನೂ ಹೊರಗೆ ಕಳಿಸಿ ಮೂವರೇ ಕೂತರು. ನಜಮಾ ಎರಡು ಮಾತಿಲ್ಲದೆ ಹೇಳಿದರು: ಹುಡುಗಿ ಅಜ್ಜಿಯ ಜೊತೆಗೇ ಇರಲಿ, ಒಂದು ವರ್ಷ ಪರಿವೀಕ್ಷಣಾಧಿಕಾರಿಯ ನಿಗಾ ಇರಲಿ, ಶಾಲೆ ತಪ್ಪದಿರಲಿ. ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂದಿತ್ತು. ಈಗ ಒಂದು ಮತ ಒಂದು ಕಡೆ, ಒಂದು ಮತ ಇನ್ನೊಂದು ಕಡೆ. ಮೂವರಲ್ಲಿ ಯಾವ ಕಡೆ ಇಬ್ಬರೋ ಅದೇ ಆದೇಶ. ಉಳಿದವರು ಪಂಢರಿನಾಥ ಮಾಸ್ತರರು.

ಪಂಢರಿನಾಥ ಇಂಡಿಯಲ್ಲಿ ಮುಖ್ಯಾಧ್ಯಾಪಕರಾಗಿ ನಿವೃತ್ತರಾದವರು, ಅರವತ್ತು ದಾಟಿದವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಅಲ್ಲಿಯವರೆಗೆ ಒಂದೇ ಒಂದು ಸಲವೂ ಮ್ಯಾಜಿಸ್ಟ್ರೇಟರಿಗೆ ಎದುರು ಹೇಳಿದವರಲ್ಲ. ಮೇಲಾಗಿ ರಂಜನಾ ಅವರ ಊರಿನವಳು. ಅವಳ ತಂದೆ ದಿನಾ ಬೆಳಿಗ್ಗೆ ಅವರ ಜೊತೆ ವಾಕಿಂಗ್ ಹೋಗುವವರು. ಮಾಸ್ತರರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಕಡತವನ್ನು ತಮ್ಮ ಕಡೆ ಎಳೆದುಕೊಂಡು ಫಯಾಜರ ಹೇಳಿಕೆಯನ್ನು ಇನ್ನೊಮ್ಮೆ ಓದಿದರು.

"ನಾ ಮೂವತ್ನಾಲ್ಕು ವರ್ಷ ಹಾಜರಿ ಕರದಂವ್ರಿ" ಎಂದರು ಕೊನೆಗೆ. "ಸಾಲಿ ತಪ್ಪಿಸಿ ಓಡೂ ಹುಡುಗ್ರನ್ನ ಭಾಳ ನೋಡೇನಿ. ಓಡಿದ್ರು ಅನ್ನೂದರಕಿಂತ ಎತ್ತ ಓಡಿದ್ರು ಅನ್ನೂದು ನೋಡಬೇಕು. ಕದ್ದು ಮಾರೂ ಹುಡುಗ ವಿಜಯಪುರ ಹಾದಿ ಹಿಡೀತಾನ. ಈಕಿ ತನ್ನ ಮನೀ ಹಾದಿ ಹಿಡದಾಳ. ಮನೀ ಕಡೆ ಓಡೂ ಮಗುನ್ನ ಮನಿ ಬಿಡಿಸಿ ಎಲ್ಲಿ ಇಡೂದು? ನನ್ನ ಮತ ನಜಮಾಬಾಯಿಯವರ ಜೋಡಿ."

ಎರಡಕ್ಕೆ ಒಂದು!

ಮ್ಯಾಜಿಸ್ಟ್ರೇಟರು ತಮ್ಮ ಭಿನ್ನಾಭಿಪ್ರಾಯವನ್ನು ಅರ್ಧ ಪುಟ ಬರೆದರು. ಆಮೇಲೆ ಬಹುಮತದ ಆದೇಶವನ್ನು ಅಚ್ಚುಕಟ್ಟಾಗಿ ಬರೆಸಿ ಸಹಿ ಹಾಕಿದರು. "ನಾನು ಸೋತೆ, ಆದರೆ ನನ್ನ ಅನುಮಾನವೇ ಸುಳ್ಳಾಗಲಿ" ಎಂದರು. ಅವತ್ತು ಸಿಂದಗಿಗೆ ಬಂದ ನಜಮಾ ಸ್ಟ್ಯಾಂಡಿನಿಂದ ಮನೆಯವರೆಗೆ ಹೆಚ್ಚುಕಡಿಮೆ ಓಡಿದರು. ಏನಾಯಿತೆಂದು ನಾನು ಕೇಳಿದರೆ, "ಹೇಳಾಕ ಬರೂದಿಲ್ಲ, ಆದ್ರ ಆತು!" ಎಂದರು ಅಷ್ಟೇ.

ಇಂಡಿಯಲ್ಲಿ ಮಾತು ಸುಮ್ಮನೆ ನಿಲ್ಲಲಿಲ್ಲ. ಪಂಢರಿನಾಥರ ಜೊತೆ ವಾಕಿಂಗಿಗೆ ಬರುವವರು ನಿಂತುಹೋದರು. ಬುಶ್ರಾ ಬರೆದ ಕ್ಷಮಾಪಣೆಯ ಪತ್ರವನ್ನು ರಂಜನಾ ಒಡೆಯದೆ ವಾಪಸ್ಸು ಕಳಿಸಿದಳು. ಬೆಂಗಳೂರಿಗೆ ಯಾರೋ ಒಂದು ಅರ್ಜಿ ಬರೆದರು: ಸದಸ್ಯೆ ನಜಮಾ ಮಣಿಯಾರ ಮತ್ತು ಆ ಹುಡುಗಿ ಒಂದೇ ಸಮಾಜದವರು, ಅದಕ್ಕೇ ಬಿಟ್ಟುಕಳಿಸಿದ್ದಾರೆ, ವಿಚಾರಣೆಯಾಗಬೇಕು. ಆ ಅರ್ಜಿಯಲ್ಲಿ ಪಂಢರಿನಾಥರ ಹೆಸರಿರಲಿಲ್ಲ.

ನಜಮಾ ಅದರ ಸುದ್ದಿ ಕೇಳಿ ಒಂದು ದಿನ ಊಟ ಬಿಟ್ಟರು. ಮರುದಿನ ಎಂದಿನ ಬಸ್ಸಿಗೆ ಹೋದರು. ಮೂರು ವರ್ಷದಲ್ಲಿ, ಕೊರೊನಾದಿಂದ ಮಂಡಳಿಯೇ ಕೂರದ ದಿನಗಳನ್ನು ಬಿಟ್ಟರೆ, ಅವರು ತಪ್ಪಿಸಿದ ಬೈಠಕ್ಕು ನಾಲ್ಕು ಮಾತ್ರ. 2022ಕ್ಕೆ ಅವಧಿ ಮುಗಿಯಿತು. ಇಲ್ಲಿ ಒಂದು ನಿಯಮ ಹೇಳಬೇಕು. ಒಬ್ಬರು ಹೆಚ್ಚೆಂದರೆ ಎರಡು ಅವಧಿ ಇರಬಹುದು, ಆದರೆ ಒಂದರ ಬೆನ್ನಿಗೆ ಇನ್ನೊಂದು ಇಲ್ಲ. ನಡುವೆ ಹೊರಗಿರಬೇಕು. ಆಮೇಲೆ ಹೊಸಬರ ಸಾಲಿನಲ್ಲೇ ನಿಂತು ಮತ್ತೆ ಅರ್ಜಿ, ಮತ್ತೆ ಸಂದರ್ಶನ. ಹಳೆಯ ಅರ್ಜಿಗಳೂ ತಕರಾರುಗಳೂ ಆಗ ಮೇಜಿನ ಮೇಲೆ ಬರುತ್ತವೆ. ನಜಮಾ ವಸತಿ ಶಾಲೆಗೆ ಮರಳಿ ಬಂದು ನನ್ನ ಪಕ್ಕದ ತರಗತಿಯಲ್ಲಿ ಮಗ್ಗಿ ಹೇಳಿಸತೊಡಗಿದರು.

ಈ ನಡುವೆ ಬುಶ್ರಾ ಮಾಸ್ಕ್ ಹಾಕಿಕೊಂಡು ಹತ್ತನೇ ತರಗತಿಯ ಪರೀಕ್ಷೆ ಬರೆದು ಪಾಸಾದಳು. ಒಂದು ವರ್ಷದ ನಿಗಾ ಮುಗಿಯಿತು. ಮುಗಿದ ತಿಂಗಳೊಪ್ಪತ್ತಿಗೆ ತರಬೇತುದಾರ ಫಯಾಜ ಸಿಂದಗಿಯ ಆ ಖಾನಾವಳಿಗೆ ಊಟಕ್ಕೆ ಬಂದರಂತೆ. ಎರಡು ರೊಟ್ಟಿ ತಿಂದು ಒಳಗೆ ಇಣುಕಿ, "ಅಜ್ಜಿ, ನಿಮ್ಮ ಮೊಮ್ಮಗಳನ್ನ ದಿನಾ ನಸಕಿನ್ಯಾಗ ಎರಡ ತಾಸು ನನ್ನ ಕಡೆ ಕಳಸ್ತೀರೇನು?" ಎಂದು ಕೇಳಿದರಂತೆ. ಜೈತುನಬಿ ಹಿಟ್ಟಿನ ಕೈಯಲ್ಲೇ ಎದ್ದು ಬಂದು, "ಸೈಕಲ್ ಯಾರದು?" ಎಂದಳಂತೆ. "ತಂಡದ್ದು, ಅಜ್ಜಿ. ನಾನ ಕೈಯಾರೆ ಕೊಡ್ತೇನಿ." "ಹಂಗಾರ ಒಯ್ರಿ."

2023ರ ಡಿಸೆಂಬರಿನಲ್ಲಿ ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಮಹಿಳೆಯರ ರಸ್ತೆ ಸೈಕಲ್ ಸ್ಪರ್ಧೆ ನಡೆಯಿತು. ಅವತ್ತು ನಜಮಾ ತವರಿಗೆ ಬಂದಿದ್ದರು, ನಾನೂ ಜೊತೆಗಿದ್ದೆ. ಇಡೀ ಊರು ರಸ್ತೆಗೆ ಇಳಿದಿತ್ತು. ಎಪಿಎಂಸಿಯ ಹಮಾಲರು ಚೀಲದ ರಾಶಿಯ ಮೇಲೆ ಹತ್ತಿ ನಿಂತಿದ್ದರು, ಕಾಲೇಜಿನ ಹುಡುಗಿಯರು ಆಟೋಗಳ ಮೇಲೆ. ಕಾಸಿಂಸಾಬರು ಅಂಗಡಿಯ ಸ್ಟೂಲನ್ನೇ ಹೊತ್ತು ತಂದು ಅದರ ಮೇಲೆ ನಿಂತರು, ಎಪ್ಪತ್ತೆರಡನೇ ವಯಸ್ಸಿನಲ್ಲಿ.

"ಬಂದ್ರು! ಬಂದ್ರು!"

ಇಬ್ಬರೇ ಮುಂದಿದ್ದರು. ಉಳಿದವರು ತಿರುವಿನಾಚೆ ಎಲ್ಲೋ. ಮುಂದೆ ರಂಜನಾ, ಅವಳ ಹಿಂದಿನ ಗಾಲಿಗೆ ಅಂಟಿಕೊಂಡಂತೆ ಬುಶ್ರಾ. ಕೊನೆಯ ಮುನ್ನೂರು ಮೀಟರಿಗೆ ಬುಶ್ರಾ ಪಕ್ಕಕ್ಕೆ ಎಳೆದಳು. ಸಮ ಸಮ ಬಂದರು. ಜನ ಹುಚ್ಚೆದ್ದು ಕೂಗುತ್ತಿದ್ದರು, ಲೌಡ್ ಸ್ಪೀಕರಿನವನಿಗೆ ಮಾತೇ ಹೊರಡದೆ "ಹೊಡಿ, ಹೊಡಿ, ಹೊಡಿ" ಎಂದಷ್ಟೇ ಒದರುತ್ತಿದ್ದ. ನಜಮಾ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಎರಡು ದಿನ ಉಗುರಿನ ಗುರುತಿತ್ತು. ಎಲ್ಲರೂ ಯಾರದಾದರೂ ಹೆಸರು ಕೂಗುತ್ತಿದ್ದರೆ ಅವರು ಹೆಸರಿಲ್ಲದೆ "ಬಾ! ಬಾ! ಬಾ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ನನಗೆ ಆಗಲೇ ಅನುಮಾನ ಬಂದದ್ದು.

ಅರ್ಧ ಗಾಲಿಯಷ್ಟು ಅಂತರದಲ್ಲಿ ರಂಜನಾ ಗೆದ್ದಳು.

"ಎರಡನೇದಾಕಿ ಯಾರ ಮಗಳು, ಬೇಟಿ? ಅಬಬಬ, ಏನ ತುಳೀತಾಳ!" ಎಂದರು ಕಾಸಿಂಸಾಬರು.

"ಗೊತ್ತಿಲ್ಲ ಅಬ್ಬಾ" ಎಂದರು ನಜಮಾ. ಅವರ ಕೆನ್ನೆ ಒದ್ದೆಯಾಗಿತ್ತು.

ಗೆರೆ ದಾಟಿದ ಮೇಲೆ ಇಬ್ಬರು ಹುಡುಗಿಯರೂ ಸೈಕಲ್ಲಿನ ಮೇಲೆ ಬಗ್ಗಿ ಏದುಸಿರು ಬಿಡುತ್ತಿದ್ದರು. ರಂಜನಾ ತಾನು ನೀರು ಕುಡಿದು, ಬಾಟಲಿಯನ್ನು ಪಕ್ಕಕ್ಕೆ ಚಾಚಿದಳು. ಪಕ್ಕದವಳ ಕಡೆ ನೋಡಲಿಲ್ಲ. ಬುಶ್ರಾ ಬಾಟಲಿ ತೆಗೆದುಕೊಂಡಳು.

ಮಂಡಳಿಗೆ ಮತ್ತೆ ಅರ್ಜಿ ಕರೆದದ್ದು ಕಳೆದ ವರ್ಷ. ನಜಮಾ ಅರ್ಜಿ ಹಾಕಿದರು. ಬೆಂಗಳೂರಿನ ಸಂದರ್ಶನಕ್ಕೆ ಸಲ್ಮಾನ ರಜೆ ಹಾಕಿ ಜೊತೆಗೆ ಹೋದರು, ಕಾಸಿಂಸಾಬರು ಹಸಿರು ಗಾಜಿನ ಬಳೆ ತೊಡಿಸಿ ಕಳಿಸಿದರು. ಒಳಗೆ ಐವರು ಕೂತಿದ್ದರು. ಹತ್ತು ನಿಮಿಷ ಕಾನೂನಿನ ಪ್ರಶ್ನೆಗಳು. ನಜಮಾ ಪಟಪಟನೆ ಉತ್ತರ ಕೊಟ್ಟರು. ಆಮೇಲೆ ಅಧ್ಯಕ್ಷರು ಒಂದು ಹಳೆಯ ಕಾಗದ ತೆಗೆದರು.

"ನಿಮ್ಮ ಮೇಲೆ ಒಂದು ದೂರಿದೆ. ಒಂದು ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರ ಅಭಿಪ್ರಾಯದ ವಿರುದ್ಧ ಮತ ಹಾಕಿದ್ದೀರಿ. ಹುಡುಗಿ ನಿಮ್ಮ ಸಮಾಜದವಳು ಅನ್ನುವ ಕಾರಣಕ್ಕೆ ಎಂದು ಬರೆದಿದ್ದಾರೆ. ಏನು ಹೇಳುತ್ತೀರಿ?"

ಬಸ್ಸಿನಲ್ಲಿ ನೂರು ಸಲ ಅಭ್ಯಾಸ ಮಾಡಿಕೊಂಡಿದ್ದ ಗ್ರಾಂಥಿಕ ಉತ್ತರ ಅವರಿಗೆ ಮರೆತೇಹೋಯಿತಂತೆ. ಬಂದದ್ದು ಊರಿನ ಮಾತು.

"ಸರ್, ಮತ ಹಾಕಿದವರು ನಾವಿಬ್ಬರು. ಇನ್ನೊಬ್ಬರು ಪಂಢರಿನಾಥ ಸರ್. ಆ ಪ್ರಕರಣದಾಗ ಪೊಲೀಸರಿಗೆ ದೂರು ಕೊಟ್ಟ ಹುಡುಗಿ ಅವರ ಊರಿನಾಕಿ, ಅವರ ಗೆಳೆಯನ ಮಗಳು. ಆದ್ರೂ ಅವರು ಕಡತ ನೋಡಿ ಮತ ಹಾಕಿದ್ರು. ಅವರು ಯಾವ ಸಮಾಜದವರಂತ ಯಾರೂ ಕೇಳಲಿಲ್ರಿ. ನನಗಷ್ಟ ಯಾಕ ಕೇಳ್ತೀರಿ?"

ಅಧ್ಯಕ್ಷರ ಪಕ್ಕದಲ್ಲಿದ್ದ ಹೆಂಗಸು ಏನೋ ಬರೆದುಕೊಂಡರು.

"ಸರಿ" ಎಂದರು ಅಧ್ಯಕ್ಷರು. "ಆ ಹುಡುಗಿ ಆಮೇಲೆ ಏನಾದಳು? ನಿಮ್ಮ ತೀರ್ಮಾನ ಸರಿಯಾಗಿತ್ತು ಎಂದು ತೋರಿಸಲು ನಿಮಗೆ ಇದೊಂದು ಅವಕಾಶ."

ನಾಲಿಗೆಯ ತುದಿಯಲ್ಲಿ ಉತ್ತರವಿತ್ತು. ಆ ಹೊತ್ತಿಗೆ ಬುಶ್ರಾ ರಾಜ್ಯ ತಂಡದ ಅಂಗಿ ತೊಟ್ಟಾಗಿತ್ತು, ಪತ್ರಿಕೆಯಲ್ಲಿ ಫೋಟೋ ಬಂದಾಗಿತ್ತು. ಒಂದು ಹೆಸರು ಹೇಳಿದ್ದರೆ ಅಲ್ಲೇ ಎಲ್ಲ ಮುಗಿಯುತ್ತಿತ್ತು.

"ಹೇಳೂದಿಲ್ಲ ಸರ್."

"ಗೊತ್ತಿಲ್ಲವೋ, ಹೇಳುವುದಿಲ್ಲವೋ?"

"ಗೊತ್ತೈತಿ ಸರ್. ಹೇಳೂದಿಲ್ಲ. ಆ ಮಗುವಿನ ಕಡತ ಮುಗಿದೈತಿ. ಆಕಿ ಈಗ ಏನಾಗ್ಯಾಳಂತ ನಾ ಹೇಳಿದ್ರ, ಆಕಿ ಆಗ ಏನ ಮಾಡಿದ್ಲು ಅನ್ನೂದು ಅದರ ಬೆನ್ನಿಗೇ ಬರತೈತಿ. ನನಗ ಈ ಹುದ್ದೆ ಸಿಗಲಿ ಅಂತ ನಾ ಅದನ್ನ ಮಾಡಬಾರದು."

"ಹೊರಡಬಹುದು" ಎಂದರು ಅಧ್ಯಕ್ಷರು.

ಹೊರಗೆ ಬಂದು ನಜಮಾ ಗಂಡನಿಗೆ, "ಹೋತು. ನಡೀರಿ, ಇಡ್ಲಿ ತಿಂದು ಊರಿಗೆ ಹೋಗೂಣು" ಎಂದರಂತೆ. ಸಲ್ಮಾನ ಏನಾಯಿತೆಂದು ಕೇಳಿದ್ದಕ್ಕೆ ಹೋಟೆಲಿನ ಕಡೆ ನಡೆದುಬಿಟ್ಟರಂತೆ. ಸಂದರ್ಶನದ ಈ ಮಾತುಗಳು ನನಗೆ ಗೊತ್ತಾದದ್ದು ಬಹಳ ತಡವಾಗಿ, ಆ ದಿನ ಅರ್ಧ ತೆರೆದ ಬಾಗಿಲ ಬಳಿ ತಮ್ಮ ಸರದಿಗೆ ಕಾಯುತ್ತಿದ್ದ ಇನ್ನೊಬ್ಬ ಅಭ್ಯರ್ಥಿಯಿಂದ.

ನಾಲ್ಕು ತಿಂಗಳು ಏನೂ ಸುದ್ದಿಯಿಲ್ಲ. ಒಂದು ಗುರುವಾರ ಹನ್ನೊಂದು ಗಂಟೆಗೆ ನನ್ನ ಮೊಬೈಲಿಗೆ ಯಾರೋ ಪಟ್ಟಿ ಕಳಿಸಿದರು. ಅಕ್ಷರ ಸಣ್ಣದು. ಜಿಲ್ಲೆ ಜಿಲ್ಲೆ ಸರಿಸುತ್ತ ಹೋದೆ. ವಿಜಯಪುರ. ಎರಡು ಹೆಸರು. ಎರಡನೆಯದು: ನಜಮಾ ಕಾಸಿಂಸಾಬ ಮಣಿಯಾರ!

ಮಕ್ಕಳ ಮುಂದೆಯೇ ನಾನು ಕುರ್ಚಿಯಿಂದ ಜಿಗಿದೆ. ನಜಮಾ ಅವತ್ತು ಶಾಲೆ ಬಿಟ್ಟ ಇಬ್ಬರು ಹುಡುಗಿಯರನ್ನು ಕರೆತರಲು ಸಾಲೋಟಗಿಗೆ ಹೋಗಿದ್ದರು. ಫೋನು ಹತ್ತಲಿಲ್ಲ. ಹತ್ತು ಸಲ ಹಚ್ಚಿದೆ. ತಡೆಯಲಾರದೆ ಸಲ್ಮಾನರಿಗೆ ಹಚ್ಚಿದೆ.

"ಕಂಬದ ಮ್ಯಾಲ ಅದೀನ್ರಿ ಅಕ್ಕೋರ" ಎಂದರು ಅವರು. "ಲೈನ್ ಬಂದ ಮಾಡಿ ಹತ್ತೇನಿ. ಅರ್ಜೆಂಟ್ ಐತೇನ್ರಿ?"

"ಮೊದಲ ಕಂಬ ಗಟ್ಟಿ ಹಿಡಕೋರಿ."

"ಹಿಡಕೊಂಡೇನ್ರಿ."

"ನಜಮಾನ ಹೆಸರು ಬಂದೈತ್ರಿ!"

ಆಮೇಲೆ ಏನಾಯಿತೆಂದು ಕೆಳಗೆ ನಿಂತಿದ್ದ ರೈತರು ಹೇಳಿದ್ದು. ಲೈನ್‌ಮನ್ ಕಂಬದ ತುದಿಯಲ್ಲಿ ಟೊಪ್ಪಿಗೆ ತೆಗೆದು ಗಾಳಿಯಲ್ಲಿ ಬೀಸುತ್ತ, "ನನ್ನ ಹೇಣ್ತಿ! ನನ್ನ ಹೇಣ್ತಿ!" ಎಂದು ಕೂಗತೊಡಗಿದರಂತೆ. ಕೆಳಗಿದ್ದವರು ಏನೋ ಅನಾಹುತವಾಯಿತೆಂದು ಏಣಿ ತರಲು ಓಡಿದರಂತೆ. ಪಂಢರಿನಾಥ ಮಾಸ್ತರರಿಗೆ ನಾನೇ ಫೋನು ಮಾಡಿ ಹೇಳಿದೆ. ಅವರು ಎಪ್ಪತ್ತರ ಹತ್ತಿರ ಬಂದಿದ್ದಾರೆ, ಎರಡನೆಯ ಸಲಕ್ಕೆ ಅರ್ಜಿ ಹಾಕಿರಲಿಲ್ಲ. "ಶಾಬ್ಬಾಸ್!" ಎಂದು ಕೂಗಿ, ಫೋನು ಕೆಳಗಿಡದೆಯೇ ಮರಾಠಿಯಲ್ಲಿ ಹೆಂಡತಿ ಇಂದೂಬಾಯಿಗೆ ಸುದ್ದಿ ಹೇಳುವುದು ನನಗೆ ಕೇಳಿಸಿತು. ಸ್ವತಃ ನಜಮಾ ಅವರಿಗೆ ಗೊತ್ತಾದದ್ದು ಎಲ್ಲರಿಗಿಂತ ಕೊನೆಗೆ. ಇಬ್ಬರು ಹುಡುಗಿಯರ ಕೈಹಿಡಿದು ಇಂಡಿಯ ಬಸ್ ಸ್ಟ್ಯಾಂಡಿಗೆ ಬಂದಾಗ ಮೊಬೈಲಿನಲ್ಲಿ ನಲವತ್ತು ಕರೆಗಳಿದ್ದವು. ಅಲ್ಲೇ ನಿಂತು ಹುಡುಗಿಯರಿಬ್ಬರಿಗೂ ಕಬ್ಬಿನ ಹಾಲು ಕುಡಿಸಿ, ತಾವೂ ಎರಡು ಲೋಟ ಕುಡಿದು, ಮುಂದಿನ ಬಸ್ಸಿಗೆ ಹತ್ತಿಸಿಕೊಂಡು ಬಂದರು.

ಎರಡನೆಯ ಅವಧಿಯ ಮೊದಲ ದಿನ ಮಂಡಳಿಯಲ್ಲಿ ಹೊಸ ಮ್ಯಾಜಿಸ್ಟ್ರೇಟರು, ಹೊಸ ಸಹಸದಸ್ಯರು. ಆ ವಾರದಲ್ಲೇ ಒಂದು ಪ್ರಕರಣದಲ್ಲಿ ಮತ ಬೇರೆ ಬೇರೆಯಾದವು. ಈ ಸಲ ನಜಮಾ ಒಬ್ಬರೇ, ಆಚೆ ಇಬ್ಬರು. ಅವರು ನಾಲ್ಕು ಪುಟ ಭಿನ್ನಾಭಿಪ್ರಾಯ ಬರೆದು, ಇಬ್ಬರ ಆದೇಶಕ್ಕೆ ಸಹಿ ಹಾಕಿ ಬಂದರು. ಬೇಜಾರಾಗಿರಬೇಕೆಂದು ನಾನು ಸಂಜೆ ಅವರ ಮನೆಗೆ ಹೋದೆ.

ಬಾಗಿಲಲ್ಲೇ ಸಿಕ್ಕರು. ಕೈಯಲ್ಲಿ ಮರುದಿನದ ಪ್ರಕರಣಗಳ ಪಟ್ಟಿ, ಮುಖದಲ್ಲಿ ಅದೇ ಪರೀಕ್ಷೆ ಬರೆದು ಬಂದ ಹುಡುಗಿಯ ಕಳೆ.

"ಸೋತ್ಯಂತಲ್ಲ?" ಎಂದೆ.

"ಇವತ್ತಿಂದು ಸೋತೆ" ಎಂದರು. "ನಾಳೆ ಹನ್ನೊಂದ ಅದಾವ. ಒಳಗ ಬಾ, ಚಹಾ ಇಡ್ತೇನಿ."